ನಿಧಾನವಾಗಿ ಅರಳುವ ಪ್ರೀತಿಗೆ ಏಕೆ ಅಂಜಬೇಕು?

ಹದಿಹರೆಯದವರ ಕೈಯಲ್ಲಿ ಮಾಯಾಲೋಕದ ಕಾದಂಬರಿ ಕಂಡೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ಕರಿಕೆಯಿಂದ ಬೆಂಗಳೂರಿನವರೆಗೆ ಎಲ್ಲೆಡೆ ಇದ್ದಾರೆ. ಅದರಲ್ಲಿ ಪ್ರೇಮದ ಎಳೆಯಿದೆಯೆಂದು ತಿಳಿದರಂತೂ ಪುಸ್ತಕ ಕಪಾಟಿನ ತುದಿಗೇರುತ್ತದೆ. ಆದರೆ ಮೊದಲ ನೋಟಕ್ಕೇ ಮನಸೋತು, ಬೇಡವೆಂದವಳ ಬೆನ್ನು ಬಿಡದ ನಾಯಕನ ಚಲನಚಿತ್ರವನ್ನು ಅದೇ ಮನೆಮಂದಿ ಒಟ್ಟಾಗಿ ಕುಳಿತು ನೋಡುತ್ತಾರೆ. ಇದು ತಲೆಕೆಳಗಾದ ವಿವೇಚನೆ.

1997ರಿಂದ 2007ರವರೆಗೆ ಏಳು ಸಂಪುಟಗಳಲ್ಲಿ ಬಂದ ಹ್ಯಾರಿ ಪಾಟರ್ ಕಥೆಯನ್ನೇ ನೋಡಿ. ಅಲ್ಲಿ ರಾನ್ ಮತ್ತು ಹರ್ಮೈನಿಯರ ಪ್ರೀತಿ ಜಗಳ, ಮುನಿಸು, ಗೆಳೆತನಗಳ ನಡುವೆ ವರ್ಷಗಟ್ಟಲೆ ಮಾಗುತ್ತದೆ. ಮನೆಗೆಲಸಕ್ಕೆ ಕಟ್ಟುಬಿದ್ದ ಗುಲಾಮ ಜೀವಿಗಳಿಗಾಗಿ ಅವಳು ನಾಲ್ಕನೆಯ ಸಂಪುಟದಲ್ಲಿ ಸಂಘ ಕಟ್ಟಿದಾಗ ಅವನು ನಗುತ್ತಾನೆ. ಕೊನೆಯ ಸಂಪುಟದಲ್ಲಿ, ಯುದ್ಧದ ನಡುವೆ, ಶಾಲೆಯ ಅಡುಗೆಮನೆಯಲ್ಲಿರುವ ಆ ಜೀವಿಗಳನ್ನು ಮೊದಲು ಪಾರುಮಾಡಬೇಕೆಂದು ಅವನೇ ನೆನಪಿಸುತ್ತಾನೆ. ಅವಳು ಅವನನ್ನು ಚುಂಬಿಸುವುದು ಆಗಲೇ. ದೀನರ ಬಗೆಗೆ ಕರುಣೆ ಹುಟ್ಟಿದ ಬಳಿಕವಷ್ಟೇ ಪ್ರೀತಿಗೆ ಉತ್ತರ ದೊರೆಯಿತು. ಇದಕ್ಕಿಂತ ಒಳ್ಳೆಯ ಪಾಠವನ್ನು ನಾವು ಮಕ್ಕಳಿಗೆ ಹೇಳಿಕೊಟ್ಟಿದ್ದೇವೆಯೇ?

ತಡವಾದುದೆಲ್ಲ ಒಳ್ಳೆಯದೆಂದಲ್ಲ. 2005ರಲ್ಲಿ ಬಂದ ‘ಟ್ವೈಲೈಟ್’ ಕಾದಂಬರಿಯ ನಾಯಕನು ಮದುವೆಯವರೆಗೆ ಸಂಯಮ ಕಾಯುವನೆಂದು ಮೆಚ್ಚುವವರಿದ್ದಾರೆ. ಆದರೆ ಅವನೇ ರಾತ್ರಿಯ ಹೊತ್ತು ನಾಯಕಿಯ ಅರಿವಿಗೆ ಬಾರದಂತೆ ಅವಳ ಕೋಣೆಗೆ ಬಂದು, ಮಲಗಿರುವವಳನ್ನು ನೋಡುತ್ತಿರುತ್ತಾನೆ. ಇಂಥ ಕಾಯುವಿಕೆ ಕಾವಲಾಗುತ್ತದೆಯೇ ಹೊರತು ಗೌರವವಾಗದು. ಎಷ್ಟು ಕಾಲ ಕಾದರು ಎನ್ನುವುದಕ್ಕಿಂತ, ಕಾಯುವಾಗ ಏನು ಕಲಿತರು ಎನ್ನುವುದೇ ಮುಖ್ಯ.

ಈ ಅಳತೆಗೋಲು ನಮಗೆ ಹೊಸದೇನಲ್ಲ. ಎ.ಕೆ. ರಾಮಾನುಜನ್ ಸಂಗ್ರಹಿಸಿದ, ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂಬ ಹಿಂದಿ ಚಿತ್ರವಾಗಿಸಿದ ಕನ್ನಡದ ಜನಪದ ಕಥೆಯಲ್ಲಿ ಹುಡುಗಿಯೊಬ್ಬಳು ಹೂಮರವಾಗಬಲ್ಲಳು. ಅದನ್ನು ಮರೆಯಿಂದ ಕಂಡ ರಾಜಕುಮಾರ ಹಠ ಹಿಡಿದು ಮದುವೆಯಾಗುತ್ತಾನೆ. ತನ್ನೆದುರು ಮರವಾಗೆಂದು ಒತ್ತಾಯಿಸುತ್ತಾನೆ. ಮುಂದೆ ಇತರರ ಆತುರಕ್ಕೆ ಅವಳ ಕೊಂಬೆಗಳು ಮುರಿದು, ದೇಹವೇ ಅರ್ಧವಾಗುತ್ತದೆ. ಎಲ್ಲವನ್ನೂ ಕಳೆದುಕೊಂಡು ಅಲೆದ ಬಳಿಕ, ಅವಳು ಹೇಳಿಕೊಟ್ಟಂತೆ ಆ ಕೊಂಬೆಗಳನ್ನು ಜೋಡಿಸಿ ನೀರೆರೆಯುವುದನ್ನು ಅವನು ಕಲಿಯುತ್ತಾನೆ. ಆತುರ ಮುರಿದುದನ್ನು ತಾಳ್ಮೆಯ ಕೈ ಕೂಡಿಸಿತು.

ಇಂಥ ಕಥೆಗಳ ವಾರಸುದಾರರಾದ ನಾವು ಮಕ್ಕಳಿಗೆ ಕೊಟ್ಟಿರುವುದೇನು? ಭಾಗಮಂಡಲದಿಂದ ಪಾಣತ್ತೂರಿಗೆ ಇಳಿಯುವ ದಾರಿಯಲ್ಲಿ, ಕೇರಳದ ಗಡಿಗಂಟಿಕೊಂಡಿರುವ ಕರಿಕೆಯಲ್ಲಿ ಮಲಯಾಳವನ್ನೋ ಅರೆಭಾಷೆಯನ್ನೋ ಮನೆಯಲ್ಲಾಡಿ, ಶಾಲೆಯಲ್ಲಿ ಕನ್ನಡ ಓದುವ ಮಕ್ಕಳಿದ್ದಾರೆ. ಬಾಲಕಥೆಯ ವಯಸ್ಸು ದಾಟಿ, ದೊಡ್ಡವರ ಕಾದಂಬರಿಗೆ ಇನ್ನೂ ಬಾರದ ಅವರಿಗೆ ಕನ್ನಡದಲ್ಲಿ ಇಂಥ ಪುಸ್ತಕಗಳು ತೀರಾ ವಿರಳ. ಆ ಬರಿದಾದ ಜಾಗವನ್ನು ಮೊಬೈಲಿನ ಅರೆನಿಮಿಷದ ಪ್ರೇಮಗಳು ತುಂಬುತ್ತಿವೆ.

ಆದುದರಿಂದ ಹಿರಿಯರೇ, ಪುಸ್ತಕವನ್ನು ಕಸಿಯಬೇಡಿ, ನೀವೂ ಓದಿ. ‘ಇವನು ಅವಳ ಮಾತಿಗೆ ಕಿವಿಗೊಡುತ್ತಾನೆಯೇ?’ ಎಂದು ಮಗಳನ್ನೂ ಕೇಳಿ, ಮಗನನ್ನೂ ಕೇಳಿ. ಬರೆಯಬಲ್ಲವರು ಕನ್ನಡದಲ್ಲಿ ಬರೆಯಿರಿ. ಮೆಣಸಿನ ಬಳ್ಳಿ ಫಲ ಕೊಡಲು ವರ್ಷಗಳು ಬೇಕೆಂದು ಬಲ್ಲ ನಾಡು, ಮನಸ್ಸು ಮಾಗಲೂ ಕಾಲ ಬೇಕೆಂಬ ಕಥೆಗೆ ಅಂಜಬೇಕಾಗಿಲ್ಲ.