ಬೈಯುವುದು ಹೊಲಿಗೆ ಹಾಕಿದ ಮೇಲೆ

2009ರ ಜುಲೈನಲ್ಲಿ ಮಗಳ ಬಾಣಂತನಕ್ಕೆಂದು ಸಾಗರದಿಂದ ಅಮೆರಿಕಕ್ಕೆ ಹೊರಟಾಗ ನನ್ನ ಪೆಟ್ಟಿಗೆಯಲ್ಲಿ ಅರ್ಧ ಬಾಣಂತಿಯ ಸಾಮಾನು, ಇನ್ನರ್ಧ ನನ್ನ ಮಾತ್ರೆ. ಬಿ.ಪಿ. ಮಾತ್ರೆಯೇ ಆರು ತಿಂಗಳಿಗಾಗುವಷ್ಟು. "ಅಮ್ಮಾ, ಸೀರೆ ಎರಡು ಕಡಿಮೆ ತಂದರೂ ಅಡ್ಡಿಯಿಲ್ಲ, ಮಾತ್ರೆ ಮರೀಬೇಡ. ಹಲ್ಲು ಅಲ್ಲೇ ತೋರಿಸಿಕೊಂಡು ಬಾ" ಎಂದು ಮಗಳು ಫೋನಿನಲ್ಲಿ ಮೂರು ಸಲ ಹೇಳಿದ್ದಳು. ಯಾಕೆಂದು ಹೋದ ಮೇಲೆ ತಿಳಿಯಿತು. ಪ್ರವಾಸಕ್ಕೆ ಬರುವವರಿಗೆ ಅಲ್ಲಿ ಮಾರುವ ವಿಮೆ, ಮೊದಲೇ ಇದ್ದ ಕಾಯಿಲೆಗಳನ್ನು ಬಹುಮಟ್ಟಿಗೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅರವತ್ತರ ಹತ್ತಿರ ಬಂದ ಹೆಂಗಸಿಗೆ ಮೊದಲೇ ಇಲ್ಲದ ಕಾಯಿಲೆ ಯಾವುದಿರುತ್ತದೆ, ನೀವೇ ಹೇಳಿ.

ನಾನು ಹೋದ ಬೇಸಿಗೆ ಆ ದೇಶಕ್ಕೆ ದೊಡ್ಡ ಜಗಳದ ಬೇಸಿಗೆ. ಒಬಾಮಾ ಅಧ್ಯಕ್ಷರಾಗಿ ಆರು ತಿಂಗಳಾಗಿತ್ತು. ಎಲ್ಲರಿಗೂ ಆರೋಗ್ಯ ವಿಮೆ ಸಿಗುವಂತೆ ಕಾನೂನು ತರಲು ಹೊರಟಿದ್ದರು. ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಉಜ್ಜುತ್ತ ಟೀವಿ ಕಡೆ ನೋಡಿದರೆ, ಊರೂರಿನ ಸಭೆಗಳಲ್ಲಿ ಜನ ಎದ್ದು ನಿಂತು ತಮ್ಮ ಸಂಸದರ ಮೇಲೆ ಕೂಗಾಡುತ್ತಿದ್ದರು. ಮುದುಕರನ್ನು ಬದುಕಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಸರಕಾರ ಒಂದು ಮಂಡಲಿ ಮಾಡುತ್ತದೆಂಬ ಮಾತನ್ನು ಅಲಾಸ್ಕಾದ ಮಾಜಿ ಗವರ್ನರ್ ಸಾರಾ ಪೇಲಿನ್ ತೇಲಿಬಿಟ್ಟಿದ್ದರು. ಅಂಥದ್ದು ಮಸೂದೆಯಲ್ಲಿ ಇರಲೇ ಇಲ್ಲ. ಸುಳ್ಳಿಗೆ ಕಾಲಿಲ್ಲ ಅನ್ನುತ್ತೇವೆ, ಅಲ್ಲಿ ಅದಕ್ಕೆ ಕಾರೇ ಇತ್ತು.

ಆದರೆ ನನ್ನನ್ನು ಕಾಡಿದ್ದು ಆ ಸುಳ್ಳಲ್ಲ. ಒಂದು ಶನಿವಾರ ಮಗಳ ಮನೆಯಲ್ಲಿ ನಾಲ್ಕಾರು ಕನ್ನಡದ ಸಂಸಾರಗಳು ಸೇರಿದ್ದವು. ಪುಳಿಯೋಗರೆ ತಿನ್ನುತ್ತ ಅಳಿಯಂದಿರು ಕೇಳಿದರು: "ಅತ್ತೆ, ನೀವೇ ನ್ಯಾಯ ಹೇಳಿ. ನಾನು ದಿನಾ ಐದು ಮೈಲಿ ಓಡ್ತೀನಿ. ಸಕ್ಕರೆ ಮುಟ್ಟೋದಿಲ್ಲ. ಬಕೆಟ್ಟಿನಷ್ಟು ಕೋಲಾ ಕುಡಿದು ಮೈ ಬೆಳೆಸಿಕೊಂಡವನ ಆಸ್ಪತ್ರೆ ಖರ್ಚು ನಾನ್ಯಾಕೆ ಕೊಡಬೇಕು?"

ಆಗ ನ್ಯಾಯವೆಂದೇ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ತಳ್ಳುಗಾಡಿಯ ತುಂಬ ಚಿಪ್ಸು, ಸೋಡಾ ಒಟ್ಟಿಕೊಂಡು ಹೋಗುವವರನ್ನು ಕಂಡು ನನ್ನ ನಾಲಗೆಯೂ ತುರಿಸುತ್ತಿತ್ತು. ಅಡಿಗೆ ಮಾಡಿ ಬಡಿಸುವ ಹೆಂಗಸಿಗೆ ಇನ್ನೊಬ್ಬರ ತಟ್ಟೆ ನೋಡಿ ತೀರ್ಪು ಕೊಡುವುದು ಹುಟ್ಟುಗುಣ. ಅದೇ ಆಗಸ್ಟ್‌ನಲ್ಲಿ ಹೋಲ್ ಫುಡ್ಸ್ ಎಂಬ ದುಬಾರಿ ದಿನಸಿ ಅಂಗಡಿಗಳ ಮುಖ್ಯಸ್ಥ ಜಾನ್ ಮ್ಯಾಕಿ 'ವಾಲ್ ಸ್ಟ್ರೀಟ್ ಜರ್ನಲ್' ಪತ್ರಿಕೆಯಲ್ಲಿ ಇದನ್ನೇ ಬರೆದರು. ಹೆಚ್ಚಿನ ಕಾಯಿಲೆಗಳನ್ನು ಸರಿಯಾದ ಊಟದಿಂದ ತಪ್ಪಿಸಬಹುದು, ಪ್ರತಿಯೊಬ್ಬನೂ ತನ್ನ ಆರೋಗ್ಯಕ್ಕೆ ತಾನೇ ಹೊಣೆ ಎಂಬುದು ಲೇಖನದ ಸಾರ. ಸೊಪ್ಪು ತರಕಾರಿ ಮಾರುವವರು ಬೇರೇನು ಹೇಳಿಯಾರು?

ಮೊಮ್ಮಗಳು ಹುಟ್ಟಿ ಮೂರು ವಾರಕ್ಕೆ ಲಕೋಟೆಗಳು ಬರತೊಡಗಿದವು. ಆಸ್ಪತ್ರೆಯದು ಒಂದು, ಅರಿವಳಿಕೆ ಕೊಟ್ಟ ವೈದ್ಯರದು ಬೇರೆ, ಕೂಸನ್ನು ನೋಡಿದವರದು ಬೇರೆ, ರಕ್ತ ಪರೀಕ್ಷೆಯದು ಮತ್ತೊಂದು. ಅಳಿಯಂದಿರ ಕಂಪೆನಿಯ ವಿಮೆ ದೊಡ್ಡ ಪಾಲು ಕೊಟ್ಟಿತ್ತು. ಉಳಿದದ್ದೇ ಎರಡು ತಿಂಗಳ ಮನೆ ಬಾಡಿಗೆಯಷ್ಟಾಯಿತು. ನಾಮಕರಣವೂ ಆಗಿರದ ಕೂಸಿಗೂ 'ಹೆಣ್ಣು ಮಗು' ಎಂದು ಬರೆದು ಪ್ರತ್ಯೇಕ ಬಿಲ್ಲು! ಅದನ್ನು ಕೈಯಲ್ಲಿ ಹಿಡಿದಾಗ ಅಳಿಯಂದಿರ ಪ್ರಶ್ನೆಗೆ ಉತ್ತರ ಹೊಳೆಯಿತು. ಈ ಕೂಸು ಯಾವ ಕೋಲಾ ಕುಡಿದಿತ್ತು? ಹೆರಿಗೆ ಯಾವ ದುಶ್ಚಟದ ಫಲ?

ಆಗಿನ ಕಾಲಕ್ಕೆ ಅಲ್ಲಿ ಕಂಪೆನಿಯ ನೆರಳಿಲ್ಲದೆ ತಾನೇ ವಿಮೆ ಕೊಳ್ಳುವ ಹೆಂಗಸಿನ ಪಾಡು ಕೇಳಿದರೆ ನೀವು ನಂಬಲಿಕ್ಕಿಲ್ಲ. ಬಹಳಷ್ಟು ರಾಜ್ಯಗಳಲ್ಲಿ ಅದೇ ವಯಸ್ಸಿನ ಗಂಡಸಿಗಿಂತ ಅವಳಿಂದ ಹೆಚ್ಚು ಕಂತು ಕೀಳುತ್ತಿದ್ದರು. ಅಂಥ ಹೆಚ್ಚಿನ ವಿಮೆಗಳಲ್ಲಿ ಹೆರಿಗೆಯ ಖರ್ಚು ಸೇರುತ್ತಿರಲಿಲ್ಲ. ಬಸುರಿಯಾದ ಮೇಲೆ ವಿಮೆ ಕೇಳಿದರೆ, ಬಸಿರೇ 'ಮೊದಲೇ ಇದ್ದ ಕಾಯಿಲೆ' ಎಂದು ಬಾಗಿಲು ಹಾಕುತ್ತಿದ್ದರು. 2010ರ ಮಾರ್ಚ್ 23ರಂದು ಒಬಾಮಾ ಸಹಿ ಹಾಕಿದ ಕಾನೂನು 2014ರಿಂದ ಇವನ್ನೆಲ್ಲ ನಿಲ್ಲಿಸಿತು. ಆದರೂ 2017ರ ಮಾರ್ಚ್‌ನಲ್ಲಿ ಆ ಕಾನೂನನ್ನು ಕೀಳಲು ಹೊರಟಾಗ, ಇಲಿನಾಯ್ ರಾಜ್ಯದ ಸಂಸದ ಜಾನ್ ಶಿಮ್ಕಸ್, ಗರ್ಭಿಣಿಯರ ಆರೈಕೆ ಸೇರಿದ ವಿಮೆಯನ್ನು ಗಂಡಸರು ಯಾಕೆ ಕೊಳ್ಳಬೇಕು ಎಂಬರ್ಥದಲ್ಲಿ ಸಮಿತಿಯ ಸಭೆಯಲ್ಲೇ ಕೇಳಿದರು. ಅವರೇನು ಕಂಬ ಒಡೆದು ಬಂದವರೋ!

ಈಗ ಚಟದ ಲೆಕ್ಕಕ್ಕೆ ಬರೋಣ. 1965ರಲ್ಲಿ ಅಮೆರಿಕದ ವಯಸ್ಕರಲ್ಲಿ ನೂರಕ್ಕೆ 42 ಜನ ಸಿಗರೇಟು ಸೇದುತ್ತಿದ್ದರು. 2022ರ ಹೊತ್ತಿಗೆ ಅದು ಸುಮಾರು 12ಕ್ಕೆ ಇಳಿದಿತ್ತು. ಇದಕ್ಕಿಂತ ದೊಡ್ಡ ಚಟ ಬಿಟ್ಟವರುಂಟೇ? ಕಾಯಿಲೆಯ ಖರ್ಚು ಇಳಿಯಬೇಕಿತ್ತಲ್ಲ? 1960ರಲ್ಲಿ ದೇಶದ ಒಟ್ಟು ಉತ್ಪನ್ನದ ನೂರಕ್ಕೆ 5ರಷ್ಟಿದ್ದ ಆ ಖರ್ಚು 2023ಕ್ಕೆ 17.6 ಆಯಿತು; ತಲೆಗೆ 14,570 ಡಾಲರ್. ಅಷ್ಟು ಸುರಿದೂ ಆ ವರ್ಷ ಅವರ ಸರಾಸರಿ ಆಯುಸ್ಸು 78.4. ಸುಮಾರು 11ರಷ್ಟು ಖರ್ಚು ಮಾಡುವ ಜಪಾನಿನಲ್ಲಿ 84. ಜಪಾನಿನ ಗಂಡಸರು ಅಮೆರಿಕದವರಿಗಿಂತ ಹೆಚ್ಚು ಸಿಗರೇಟು ಸೇದುತ್ತಾರೆ ಎಂಬುದನ್ನೂ ಹೇಳಿಬಿಡುತ್ತೇನೆ. ಅವರ ಊಟ ಹಿತಮಿತ, ಅದು ನಿಜ. ಅಮೆರಿಕದಲ್ಲಿ ನೂರಕ್ಕೆ 40 ಜನರಿಗೆ ಬೊಜ್ಜು, ಅದೂ ನಿಜ. ಬೊಜ್ಜು ಕಾಯಿಲೆ ತರುವುದಿಲ್ಲವೆಂದು ನಾನು ವಾದಿಸುತ್ತಿಲ್ಲ. ಆದರೆ ಜಪಾನಿನಲ್ಲಿ 1961ರಿಂದ ವಿಮೆಯಿಲ್ಲದ ಪ್ರಜೆ ಇಲ್ಲ, ಚಿಕಿತ್ಸೆಯ ದರ ಕಟ್ಟುವುದು ಸರಕಾರ. ಅಮೆರಿಕದಲ್ಲಿ ಮುರಿದ ಮೂಳೆಗೂ, ಅಪೆಂಡಿಕ್ಸಿಗೂ ಬೇರೆ ಶ್ರೀಮಂತ ದೇಶಗಳಿಗಿಂತ ಹೆಚ್ಚು ದರ. ತೆಳ್ಳಗಿದ್ದವರಿಗೆ ರಿಯಾಯಿತಿಯೇನೂ ಇಲ್ಲ.

ಇನ್ಸುಲಿನ್ ವಿಷಯ ನೋಡಿ. ಅದನ್ನು ಕಂಡುಹಿಡಿದ ಬ್ಯಾಂಟಿಂಗ್ ಮತ್ತು ಸಂಗಡಿಗರು 1923ರಲ್ಲಿ ಅದರ ಹಕ್ಕನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ಒಂದು ಶತಮಾನ ಕಳೆಯುವಷ್ಟರಲ್ಲಿ ಅಮೆರಿಕದಲ್ಲಿ ಅದನ್ನು ಕೊಳ್ಳಲಾರದೆ ಡೋಸು ಕಡಿಮೆ ಮಾಡಿಕೊಳ್ಳುವವರಿದ್ದರು. ಮಗಳ ಪಕ್ಕದ ಮನೆಯಾಕೆ, ಶಾಲಾ ಬಸ್ಸು ಓಡಿಸುತ್ತಿದ್ದವಳು, ತಿಂಗಳ ಕೊನೆಯ ವಾರ ಹಾಗೇ ಮಾಡುತ್ತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ ಬಂದದ್ದು ಒಂಬತ್ತನೆಯ ವಯಸ್ಸಿಗೆ. ಮಕ್ಕಳಿಗೆ ಬರುವ ಆ ಬಗೆಯದು ತಿಂದು ಬರುವುದಲ್ಲ. ಆದರೂ ನೋಡಿದವರೆಲ್ಲ "ಸಿಹಿ ಜಾಸ್ತಿ ತಿಂತಿದ್ದೆಯಾ?" ಎಂದೇ ಕೇಳುತ್ತಿದ್ದರಂತೆ. 2022ರ ಕಾನೂನು ಇನ್ಸುಲಿನ್ನಿಗೆ ತಿಂಗಳಿಗೆ 35 ಡಾಲರಿನ ಮಿತಿ ಹಾಕಿದ್ದೂ ಮುಖ್ಯವಾಗಿ ವಯಸ್ಸಾದವರ ಸರಕಾರಿ ವಿಮೆಗೆ ಮಾತ್ರ.

ಸಿಗರೇಟು ಇಳಿದದ್ದಾದರೂ ಹೇಗೆ? ಉಪದೇಶದಿಂದಲ್ಲ. 1964ರಲ್ಲಿ ಸರಕಾರದ ವೈದ್ಯಾಧಿಕಾರಿ ವರದಿ ಕೊಟ್ಟರು, ಪೊಟ್ಟಣದ ಮೇಲೆ ಎಚ್ಚರಿಕೆ ಬಂತು, 1971ರಲ್ಲಿ ಟೀವಿ ಜಾಹೀರಾತು ನಿಂತಿತು, ತೆರಿಗೆ ಏರಿತು, ಕಚೇರಿಗಳಲ್ಲಿ ಸೇದುವುದು ನಿಂತಿತು. ಅಂದರೆ ಎಲ್ಲರೂ ಸೇರಿ ಅಭ್ಯಾಸ ಬದಲಿಸಿದರು. ಕೋಲಾಕ್ಕೂ ಹಾಗೇ ಮಾಡೋಣವೆಂದು 2012ರಲ್ಲಿ ನ್ಯೂಯಾರ್ಕಿನ ಮೇಯರ್ ಬ್ಲೂಮ್‌ಬರ್ಗ್ ದೊಡ್ಡ ಲೋಟಗಳನ್ನು ತಡೆಯಹೊರಟರೆ ಸ್ವಾತಂತ್ರ್ಯ ಹೋಯಿತೆಂದು ಗುಲ್ಲೆದ್ದಿತು. 2014ರಲ್ಲಿ ರಾಜ್ಯದ ಉನ್ನತ ನ್ಯಾಯಾಲಯದಲ್ಲೂ ಅದು ಬಿದ್ದುಹೋಯಿತು. ಕುಡಿಯುವಾಗ ಸ್ವಾತಂತ್ರ್ಯ, ಕಾಯಿಲೆ ಬಿದ್ದಾಗ ಸ್ವಯಂಕೃತ ಅಪರಾಧ. ಚೆನ್ನಾಗಿದೆ ನ್ಯಾಯ. ವಿಮೆ ಕೊಳ್ಳಲೇಬೇಕೆಂದರೆ ನಾಳೆ ಬ್ರೊಕೊಲಿಯನ್ನೂ ಕೊಳ್ಳಲೇಬೇಕು ಅನ್ನಬಹುದಲ್ಲ ಎಂದು 2012ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಕಾಲಿಯಾ ಕೇಳಿದರು. (ಬ್ರೊಕೊಲಿ ಪಲ್ಯ ನಾನು ಮಾಡಿ ನೋಡಿದ್ದೇನೆ. ಒಗ್ಗರಣೆಗೆ ಇಂಗು ಹಾಕಿದರೂ ಅಷ್ಟಕ್ಕಷ್ಟೆ.)

ಅಭ್ಯಾಸ ಅನ್ನುವುದು ನಾಲಗೆಯಲ್ಲಷ್ಟೇ ಇರುವುದಿಲ್ಲ. ಓಹಾಯೊದ ಆ ಬಡಾವಣೆಯಲ್ಲಿ ಸಂಜೆ ವಾಕಿಂಗಿಗೆ ಹೊರಟರೆ ನಾಲ್ಕು ಮನೆ ದಾಟುವುದರೊಳಗೆ ಕಾಲುದಾರಿ ಮುಗಿದುಹೋಗುತ್ತಿತ್ತು. ಸೀರೆಯುಟ್ಟು ರಸ್ತೆಯಂಚಿನಲ್ಲಿ ನಡೆಯುತ್ತಿದ್ದ ನನ್ನನ್ನು ನೋಡಿ ಒಬ್ಬ ಪುಣ್ಯಾತ್ಮ ಕಾರು ನಿಲ್ಲಿಸಿ, ದಾರಿ ತಪ್ಪಿದೆಯಾ ಎಂದು ಕೇಳಿದ. ಬಸ್ಸಿನಾಕೆ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಇನ್ನೊಂದು ಕೆಲಸಕ್ಕೆ ಓಡುತ್ತಿದ್ದಳು. ಸೊಪ್ಪು ಸೋಸಿ ಸಾರು ಮಾಡಲು ಅವಳಿಗೆ ಹೊತ್ತೆಲ್ಲಿತ್ತು? ಮಕ್ಕಳು ದಪ್ಪಗಾದರೆ ಮಾತ್ರ, ತಾಯಿ ಏನು ತಿನ್ನಿಸಿದಳೋ ಅನ್ನುತ್ತಾರೆ. ತಂದೆಯನ್ನು ಕೇಳಿದವರನ್ನು ನಾನು ಇಲ್ಲೂ ಕಂಡಿಲ್ಲ, ಅಲ್ಲೂ ಕಾಣಲಿಲ್ಲ.

ನಮ್ಮತ್ತೆಯವರದು ಒಂದು ಕತೆಯಿದೆ. ಅವರಿಗೆ ಕವಳದ ಜತೆ ಹೊಗೆಸೊಪ್ಪು ಬೇಕೇ ಬೇಕು. ನಾವು ಹೇಳಿ ಹೇಳಿ ಸೋತಿದ್ದೆವು. ಕೊನೆಗೊಮ್ಮೆ ಗಲ್ಲದೊಳಗೆ ಹುಣ್ಣಾಗಿ, ವಾಸಿಯಾಗದೆ, ಸರಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಬಾಯಿ ನೋಡಿ ಏನೂ ಅನ್ನಲಿಲ್ಲ, ದಿನ ಗೊತ್ತುಮಾಡಿದರು. ಹುಣ್ಣನ್ನು ಕತ್ತರಿಸಿ ತೆಗೆದು, ಹೊಲಿಗೆ ಹಾಕಿ, ಎರಡು ದಿನ ಬಿಟ್ಟು ಹಾಸಿಗೆ ಪಕ್ಕ ನಿಂತು ಮಂಗಳಾರತಿ ಎತ್ತಿದರು ನೋಡಿ, ವಾರ್ಡಿನವರೆಲ್ಲ ಎದ್ದು ಕೂತರು. ಅತ್ತೆಯವರು ಹೊಗೆಸೊಪ್ಪು ಬಿಟ್ಟರು, ಆಮೇಲೆ ಹನ್ನೊಂದು ವರ್ಷ ಬದುಕಿದರು. ಮೊದಲು ಬೈದು, ನಿಮ್ಮ ಚಟಕ್ಕೆ ನೀವೇ ಹೊಣೆ ಎಂದು ಹೊರಗೆ ಕಳಿಸಿದ್ದರೆ? ಬಿ.ಪಿ. ಇದ್ದೂ ಮಿಡಿ ಉಪ್ಪಿನಕಾಯಿ ಬಿಡದ ನನ್ನನ್ನು ಯಾವ ಡಾಕ್ಟರು ಒಳಗೆ ಬಿಟ್ಟಾರು?

2025ರ ಬೇಸಿಗೆಯಲ್ಲಿ ಮತ್ತೊಮ್ಮೆ ಹೋಗಿದ್ದೆ. ಕೂಸು ಹದಿನಾರರ ಹುಡುಗಿಯಾಗಿದ್ದಳು, ಜಗಳ ಮಾತ್ರ ಅಲ್ಲೇ ಇತ್ತು. ಆ ವರ್ಷ ಆರೋಗ್ಯ ಖಾತೆಗೆ ಬಂದ ರಾಬರ್ಟ್ ಕೆನಡಿ ಜೂನಿಯರ್ ಅಮೆರಿಕವನ್ನು ಮತ್ತೆ ಆರೋಗ್ಯವಂತವಾಗಿ ಮಾಡುತ್ತೇನೆ ಎನ್ನುತ್ತ, ತಿಂಡಿಗಳಿಗೆ ಬೆರೆಸುವ ಕೃತಕ ಬಣ್ಣಗಳನ್ನು ತೆಗೆಸಹೊರಟಿದ್ದರು. ಬಣ್ಣ ತೆಗೆಯಲಿ, ಬಹಳ ಒಳ್ಳೆಯದು. ಆದರೆ ಅದೇ ಸರಕಾರ ಜುಲೈ 4ರಂದು ಸಹಿ ಹಾಕಿದ ಕಾನೂನು, 1965ರಲ್ಲಿ ಲಿಂಡನ್ ಜಾನ್ಸನ್ ಬಡವರಿಗಾಗಿ ತಂದ ಮೆಡಿಕೇಡ್ ವಿಮೆಗೆ ಕತ್ತರಿ ಹಾಕಿತು. ದುಡಿಯುವ ವಯಸ್ಸಿನ ಅನೇಕರು ತಿಂಗಳಿಗೆ 80 ಗಂಟೆ ಕೆಲಸ ಮಾಡಿದ್ದಕ್ಕೆ ದಾಖಲೆ ತೋರಿಸಬೇಕೆಂದಿತು. 2034ರ ಹೊತ್ತಿಗೆ ಸುಮಾರು ಒಂದು ಕೋಟಿ ಜನ ಹೆಚ್ಚಾಗಿ ವಿಮೆಯಿಲ್ಲದವರಾಗುತ್ತಾರೆಂದು ಅವರದೇ ಸಂಸತ್ತಿನ ಬಜೆಟ್ ಕಚೇರಿ ಅಂದಾಜು ಮಾಡಿತು. ತಟ್ಟೆ ನೋಡಿ ಬುದ್ಧಿ ಹೇಳುವುದು, ಆಸ್ಪತ್ರೆ ಬಾಗಿಲಲ್ಲಿ ಚೀಟಿ ಕಿತ್ತುಕೊಳ್ಳುವುದು, ಎರಡೂ ಒಂದೇ ಕೈಯ ಕೆಲಸ.

ನಾನು ಅಲ್ಲಿದ್ದಾಗಲೇ ಅಳಿಯಂದಿರ ಕೆಲಸ ಹೋಯಿತು. ಐವತ್ತೆರಡರ ವಯಸ್ಸು. ಕೆಲಸದ ಜತೆ ಇಡೀ ಮನೆಯ ವಿಮೆಯೂ ಹೋಯಿತು. ಎರಡನೆಯ ಮಹಾಯುದ್ಧದಲ್ಲಿ ಸರಕಾರ ಸಂಬಳ ಏರಿಸಬಾರದೆಂದಾಗ ಕಂಪೆನಿಗಳು ಅದರ ಬದಲು ವಿಮೆಯ ಆಸೆ ತೋರಿಸಿದವಂತೆ. ಆ ಯುದ್ಧಕಾಲದ ಏರ್ಪಾಡೇ ಅಲ್ಲಿ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಹಳೆಯ ವಿಮೆಯನ್ನೇ ಹದಿನೆಂಟು ತಿಂಗಳು ಮುಂದುವರಿಸಬಹುದು, ಆದರೆ ಕಂಪೆನಿಯ ಪಾಲನ್ನೂ ತಾವೇ ಕಟ್ಟಬೇಕು. ಆ ಮೊತ್ತ ನೋಡಿ ಮಗಳು ಒಳಗೆ ಹೋಗಿಬಿಟ್ಟಳು.

ಮರುದಿನವೂ ಅವರು ಐದು ಮೈಲಿ ಓಡಿ ಬಂದರು. ಕಾಫಿಗೆ ಸಕ್ಕರೆಯಿಲ್ಲ. ಊಟದ ಮೇಜಿನ ಮೇಲೆ ಕಂಪ್ಯೂಟರು ಇಟ್ಟುಕೊಂಡು, ಹಿಂದೊಮ್ಮೆ ತಾವೇ ಬೈದಿದ್ದ ಆ ಒಬಾಮಾ ಕಾನೂನಿನ ವಿಮೆಗೆ ಅರ್ಜಿ ತುಂಬತೊಡಗಿದರು. 2009ರ ಪ್ರಶ್ನೆಯನ್ನು ನಾನು ನೆನಪಿಸಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ತಂಬಾಕು ಬಳಸುತ್ತೀರಾ ಎಂದು ಕೇಳಿದಲ್ಲಿ 'ಇಲ್ಲ' ಎಂದು ಒತ್ತಿದರು. ಮುಂದಿನ ಪುಟ ತೆರೆಯಿತು. ಅಲ್ಲಿ ಕೇಳಿದ್ದು ಈ ತಿಂಗಳ ಆದಾಯ.