ನೆಲಕ್ಕೆ ತಕ್ಕ ಸುರುಳಿ

1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್‌ಗೆ ಗುಂಡೇಟು ಬಿತ್ತು. ಒಂದು ಗುಂಡು ಮೈಯೊಳಗೇ ಉಳಿಯಿತು. ಎಕ್ಸ್ ಕಿರಣಗಳ ಪತ್ತೆಗೆ ಇನ್ನೂ 14 ವರ್ಷ ಬಾಕಿ ಇದ್ದ ಕಾಲ ಅದು. ಗುಂಡು ಎಲ್ಲಿದೆ ಎಂಬುದು ವೈದ್ಯರಿಗೆ ತಿಳಿಯಲಿಲ್ಲ. ಆಗ ನೆರವಿಗೆ ಬಂದವನು ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್. ಒಂದರ ಮೇಲೊಂದು ಅರ್ಧಂಬರ್ಧ ಹೊದಿಸಿದ ಎರಡು ಚಪ್ಪಟೆ ತಂತಿ ಸುರುಳಿಗಳು, ಬ್ಯಾಟರಿ, ಕಿವಿಗೆ ಹಿಡಿಯಲು ಒಂದು ಟೆಲಿಫೋನು – ಇಷ್ಟೇ ಅವನ ಉಪಕರಣ.

ಆಗಸ್ಟ್ 1ರಂದು ಬೆಲ್ ರೋಗಿಯ ಮೈಮೇಲೆ ಸುರುಳಿ ಆಡಿಸಿದಾಗ ಒಂದೆಡೆಯಲ್ಲಲ್ಲ, ಅಗಲವಾದ ಜಾಗದ ಉದ್ದಕ್ಕೂ ಮಂದ ಸದ್ದು ಕೇಳಿಸಿತು. ರೋಗಿಯ ಹಾಸಿಗೆಯಡಿ ಉಕ್ಕಿನ ತಂತಿಯ ಸ್ಪ್ರಿಂಗುಗಳಿದ್ದದ್ದು ಆಮೇಲೆ ತಿಳಿಯಿತು. ಅದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದು. ಗುಂಡು ಬಲಭಾಗದಲ್ಲಿದೆ ಎಂದು ಮುಖ್ಯ ವೈದ್ಯರು ಹಟ ಹಿಡಿದಿದ್ದರಿಂದ ಹುಡುಕಾಟ ಆ ಕಡೆಗಷ್ಟೇ ನಡೆಯಿತು. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡ. ಶವಪರೀಕ್ಷೆಯಲ್ಲಿ ಗುಂಡು ಎಡಭಾಗದಲ್ಲಿ ಸಿಕ್ಕಿತು.

ಇಂದಿನ ಲೋಹಶೋಧಕಗಳಲ್ಲಿ ಹೆಚ್ಚಿನವು ನಡೆಯುವುದು ಬೆಲ್ ಬಳಸಿದ ತತ್ತ್ವದ ಮೇಲೆಯೇ. ಒಂದು ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ತು ಹರಿಯುತ್ತದೆ. ಅದರ ಸುತ್ತ ಏಳುವ ಕಾಂತಕ್ಷೇತ್ರ ನೆಲದೊಳಕ್ಕೆ ಇಳಿದು, ಅಲ್ಲಿ ಲೋಹವಿದ್ದರೆ ಅದರಲ್ಲಿ ಸುಳಿ ಪ್ರವಾಹಗಳನ್ನು ಎಬ್ಬಿಸುತ್ತದೆ. ಈ ಸುಳಿಗಳ ಪುಟ್ಟ ಕಾಂತಕ್ಷೇತ್ರವನ್ನು ಇನ್ನೊಂದು ಸುರುಳಿ ಗ್ರಹಿಸುತ್ತದೆ. ಕಷ್ಟವಿರುವುದು ಇಲ್ಲಿಯೇ. ಪಕ್ಕದಲ್ಲೇ ಅಬ್ಬರಿಸುವ ಮೊದಲ ಸುರುಳಿಯ ಸದ್ದು ಕೇಳದೆ, ನೆಲದಡಿಯ ಪಿಸುಮಾತು ಮಾತ್ರ ಎರಡನೆಯದಕ್ಕೆ ಕೇಳಬೇಕು. ಹಾಗೆ ಎರಡನ್ನೂ ಹೊಂದಿಸಿಡುವ ಬಗೆಗಳೇ ಸುರುಳಿಯ ಬಗೆಗಳು.

ಊಟದ ತಟ್ಟೆಯ ನಡುವೆ ಬಟ್ಟಲು ಇಟ್ಟಂತೆ ದೊಡ್ಡ ಸುರುಳಿಯೊಳಗೆ ಚಿಕ್ಕದನ್ನು ಕೂರಿಸಿದರೆ ಅದು ಏಕಕೇಂದ್ರ ಸುರುಳಿ. ಅದು ನೋಡುವ ಜಾಗ ಆಲಿಕೆಯಂತೆ ಕೆಳಕ್ಕೆ ಹೋದಷ್ಟೂ ಕಿರಿದಾಗುತ್ತದೆ. ಲೋಹ ನಡುವಿನ ನೇರಕ್ಕೆ ಬಂದಾಗ ಸದ್ದು ಜೋರಾಗುವುದರಿಂದ ಅಗೆಯಬೇಕಾದ ಜಾಗ ಸುಲಭವಾಗಿ ತಿಳಿಯುತ್ತದೆ. ಸೋಡಾ ಬಾಟಲಿಯ ಉಕ್ಕಿನ ಮುಚ್ಚಳವನ್ನು ನಾಣ್ಯದಿಂದ ಬೇರೆಯಾಗಿ ಗುರುತಿಸುವುದರಲ್ಲೂ ಇದು ಸಾಮಾನ್ಯವಾಗಿ ಮೇಲು. ಆದರೆ ಕಬ್ಬಿಣಾಂಶ ಹೆಚ್ಚಿರುವ ಕೆಂಪು ಮಣ್ಣಿನಲ್ಲಿ ಮಣ್ಣೇ ಸದ್ದು ಮಾಡತೊಡಗುತ್ತದೆ. ಆಗ ಆಳದ ನಾಣ್ಯದ ದನಿ ಅಡಗಿಹೋಗುತ್ತದೆ.

ಇಂಥ ನೆಲಕ್ಕೆ ಹೊಂದುವುದು ಡಬಲ್ ಡಿ. ಇಂಗ್ಲಿಷಿನ ಡಿ ಅಕ್ಷರದ ಆಕಾರದ ಎರಡು ಸುರುಳಿಗಳನ್ನು ಬೆನ್ನಿಗೆ ಬೆನ್ನು ತಂದು, ನಡುವೆ ತುಸು ಒಂದರ ಮೇಲೊಂದು ಬರುವಂತೆ ಇಡುತ್ತಾರೆ. ಬೆಲ್‌ನ ಸುರುಳಿಗಳ ಹತ್ತಿರದ ನಂಟ ಎನ್ನಬಹುದು. ಇದರ ನೋಟ ಆ ನಡುಪಟ್ಟಿಯ ಕೆಳಗೆ ಈಳಿಗೆಯ ಅಲಗಿನಂತೆ ಸಪೂರವಾಗಿ, ಉದ್ದವಾಗಿ ಇಳಿಯುತ್ತದೆ. ಒಮ್ಮೆಗೆ ನೋಡುವ ಮಣ್ಣು ಕಡಿಮೆ, ಆದ್ದರಿಂದ ಮಣ್ಣಿನ ಗದ್ದಲವೂ ಕಡಿಮೆ. ಲೋಹ ಅಲಗಿನ ಉದ್ದಕ್ಕೂ ಎಲ್ಲಾದರೂ ಇರಬಹುದಾದ್ದರಿಂದ ಒಮ್ಮೆ ಅಡ್ಡ, ಒಮ್ಮೆ ಉದ್ದ ಆಡಿಸಿ ನೋಡಬೇಕು, ಅಷ್ಟೆ.

ಮೂರನೆಯದು ಮಾನೋ. ಒಂದೇ ಸುರುಳಿ, ಕ್ಷಣದ ಒಂದು ಪಾಲು ಕೂಗಿ, ಸುಮ್ಮನಾಗಿ, ತಾನೇ ಕಿವಿಗೊಡುತ್ತದೆ. ಇದು ಪಲ್ಸ್ ಬಗೆಯ ಯಂತ್ರಗಳಿಗೆ ಮಾತ್ರ. ಆಸ್ಟ್ರೇಲಿಯದ ಚಿನ್ನದ ಬಯಲುಗಳಲ್ಲಿ ಇದು ಆಳಕ್ಕೆ ಹೆಸರಾದದ್ದು. ಅಲ್ಲಿನ ವಿಕ್ಟೋರಿಯಾ ರಾಜ್ಯದಲ್ಲಿ 1980ರಲ್ಲಿ ಲೋಹಶೋಧಕ ಹಿಡಿದ ಒಬ್ಬನಿಗೆ ಸುಮಾರು 27 ಕಿಲೋ ತೂಕದ ಚಿನ್ನದ ಗಟ್ಟಿ ಸಿಕ್ಕಿತು. ಯಂತ್ರ ಮಾರುವವರಿಗೆ ಇಂಥ ಕಥೆ ಬಹಳ ಪ್ರೀತಿ. ಆದರೆ ಅಷ್ಟು ದೊಡ್ಡ ಗಟ್ಟಿಗೆ ಯಾವ ಸುರುಳಿಯಾದರೂ ಕೂಗೀತು. ಸುರುಳಿಯ ಯೋಗ್ಯತೆ ಗೊತ್ತಾಗುವುದು ಅಕ್ಕಿಕಾಳಿನಷ್ಟು ಚೂರು ಎದುರಾದಾಗ.

ಮಗ ಅಥವಾ ಮಗಳು ಇಂಥ ಯಂತ್ರ ಬೇಕೆಂದಾಗ ತಂದೆ ತಾಯಿ ಕೇಳುವ ಮೊದಲ ಪ್ರಶ್ನೆ, ಎಷ್ಟು ಆಳ ನೋಡುತ್ತದೆ ಎಂಬುದು. ಗಲಾಟೆಯಿಲ್ಲದ ಮಣ್ಣಿನಲ್ಲಿ ಸುರುಳಿಯ ಅಗಲದಷ್ಟೇ ಆಳದವರೆಗೆ ನಾಣ್ಯ ಕಂಡೀತು ಎಂಬುದು ಸ್ಥೂಲ ಅಂದಾಜು. ಹಾಗಾದರೆ ಅತಿ ದೊಡ್ಡದನ್ನೇ ಕೊಂಡರಾಯಿತಲ್ಲ? ಅಲ್ಲೇ ಪೇಚು. ಸುರುಳಿಯ ಅಳತೆಯನ್ನು ಮೀರಿದ ಆಳಕ್ಕೆ ಹೋದಂತೆ ಕಾಂತಕ್ಷೇತ್ರ ದೂರದ ಮೂರನೆಯ ಘಾತದಲ್ಲಿ ಕ್ಷೀಣಿಸುತ್ತದೆ. ಮರಳಿ ಬರುವಾಗ ಮತ್ತೆ ಅಷ್ಟೇ. ಎರಡೂ ಸೇರಿ ಆರನೆಯ ಘಾತ. ಆಳ ಇಮ್ಮಡಿಯಾದರೆ ಬರುವ ಸದ್ದು 64ರಲ್ಲಿ ಒಂದು ಪಾಲು. ಇದನ್ನು ಗೆಲ್ಲಲು ಸುರುಳಿಯನ್ನು ಹಿಗ್ಗಿಸಿದರೆ ಕ್ಷೇತ್ರ ತೆಳುವಾಗಿ ಹರಡಿ, ಮೇಲಿನ ಪದರದ ಸಣ್ಣ ಚೂರುಗಳು ತಪ್ಪಿಹೋಗುತ್ತವೆ. ತೋಳು ನೋವು ಬೇರೆ. ಮೊಳೆ, ತಗಡು ತುಂಬಿದ ಹಳೆಯ ಮನೆ ನಿವೇಶನದಲ್ಲಿ ದೊಡ್ಡ ಸುರುಳಿ ಮೊಳೆಯನ್ನೂ ಪಕ್ಕದ ನಾಣ್ಯವನ್ನೂ ಒಟ್ಟಿಗೆ ಕಂಡು, ಎರಡನ್ನೂ ಕಬ್ಬಿಣವೆಂದು ತಳ್ಳಿಬಿಡುತ್ತದೆ. ಅಲ್ಲಿ ಐದಾರು ಇಂಚಿನ ಪುಟ್ಟ ಸುರುಳಿಯೇ ಜಾಣ.

ಕೊಳ್ಳುವ ಮುನ್ನ ನೋಡಬೇಕಾದ್ದು ಮತ್ತೊಂದಿದೆ: ಒಂದು ಯಂತ್ರದ ಸುರುಳಿ ಇನ್ನೊಂದಕ್ಕೆ ಹೊಂದುತ್ತದೆ ಎನ್ನುವಂತಿಲ್ಲ. ಶಾಲೆಯ ಪ್ರದರ್ಶನಕ್ಕೆಂದು ಮನೆಯಲ್ಲೇ ಸುತ್ತುವ ವಿದ್ಯಾರ್ಥಿಗಳು ಬಿಸ್ಕತ್ತಿನ ತಗಡಿನ ಡಬ್ಬಿಯ ಮೇಲೆ ತಂತಿ ಸುತ್ತಬಾರದು. ಮರವೋ ಪ್ಲಾಸ್ಟಿಕ್ಕೋ ಇರಲಿ. ಕೈಯಲ್ಲಿ ಬಳೆ, ಉಂಗುರವಿದ್ದರೆ ತೆಗೆದಿಡಬೇಕು. ಬೆಲ್‌ಗೆ ಹಾಸಿಗೆ ಮಾಡಿದ ಕಾಟವನ್ನು ಇಲ್ಲಿ ಬಳೆ ಮಾಡೀತು.

ಹೊಲಕ್ಕೆ ಇಳಿಯುವುದಾದರೆ ಒಡೆಯರ ಒಪ್ಪಿಗೆ ಬೇಕು. ಸಂರಕ್ಷಿತ ಸ್ಮಾರಕಗಳ ಬಳಿ ಸುಳಿಯಕೂಡದು. ನಮ್ಮಲ್ಲಿ ನೆಲದಡಿಯ ನಿಧಿ ಸಿಕ್ಕವರ ಸೊತ್ತಲ್ಲ, ಕಾಯ್ದೆಯಂತೆ ಅಧಿಕಾರಿಗಳಿಗೆ ತಿಳಿಸಬೇಕು. ಇಂಗ್ಲೆಂಡಿನ ಸಫೊಕ್‌ನಲ್ಲಿ 1992ರ ನವೆಂಬರಿನಲ್ಲಿ ಎರಿಕ್ ಲಾಸ್ ಎಂಬಾತ ರೈತ ಗೆಳೆಯನ ಕಳೆದುಹೋದ ಸುತ್ತಿಗೆ ಹುಡುಕಲು ಹೊರಟಾಗ ಬೆಳ್ಳಿ ಚಮಚಗಳೂ ನಾಣ್ಯಗಳೂ ಕಂಡವು. ಆತ ತಾನೇ ಎಲ್ಲವನ್ನೂ ಬಗೆದು ಹಾಕದೆ ಅಗೆತ ನಿಲ್ಲಿಸಿ ಸುದ್ದಿ ಮುಟ್ಟಿಸಿದ. ಪ್ರಾಕ್ತನ ತಜ್ಞರು ಬಂದು ಮಣ್ಣು ಪದರ ಪದರವಾಗಿ ಬಿಡಿಸಿದಾಗ, ರೋಮನ್ ಕಾಲದ ಸುಮಾರು 15 ಸಾವಿರ ನಾಣ್ಯಗಳು ಹೊರಬಂದವು. ಸುತ್ತಿಗೆಯೂ ಸಿಕ್ಕಿತು, ಅದೂ ನಾಣ್ಯಗಳೊಡನೆ ಬ್ರಿಟಿಷ್ ಮ್ಯೂಸಿಯಂ ಸೇರಿತು.