ಗುಣ ಆದ್ಮೇಲೂ ನೋಯ್ತದೆ

ಮೊನ್ನೆ ಶನಿವಾರ ಹುಚ್ಚರಾಯಸ್ವಾಮಿ ಗುಡಿ ಹತ್ರ ನಮ್ಮ ಓರಗಿತ್ತಿಯ ತಾಯಿ ಸಿಕ್ಕಿದ್ರು. "ಎಲ್ಲಾ ಗುಣ ಆಯ್ತಲ್ಲವ್ವಾ, ದೇವ್ರು ದೊಡ್ಡವ್ನು" ಅಂದ್ರು. ನಾನೂ ಹೂಂ ಅಂದೆ. ಬಲಗೈಲಿ ಹಣ್ಣುಕಾಯಿ ಚೀಲ ಇತ್ತು, ಕಂಕುಳದಿಂದ ಮೊಣಕೈ ತನಕ ಖಾರ ಹಚ್ಚಿದಂಗೆ ಉರೀತಿತ್ತು. ಅದನ್ನ ಮಾತ್ರ ಹೇಳ್ಲಿಲ್ಲ. ಯಾಕೆ ಹೇಳ್ಲಿಲ್ಲ ಅಂತ ಮನೆಗೆ ಬಂದು ಯೋಚ್ನೆ ಮಾಡ್ದೆ. ಅದಕ್ಕೇ ಇದನ್ನ ಬರೀತಿದೀನಿ.

ಎದೆ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ, ಕರೆಂಟು ಕೊಡೋದು ಮೂರೂ ಮುಗಿದು ನಾಲ್ಕು ವರ್ಷ ಆಯ್ತು. ಪರೀಕ್ಷೆಗೆ ಹೋದಾಗೆಲ್ಲ "ಗಂಟಿಲ್ಲ, ಚೆನ್ನಾಗಿದೀರಿ" ಅಂತಾರೆ. ಆದ್ರೆ ನಾಲ್ಕು ರೊಟ್ಟಿ ತಟ್ಟೋದ್ರೊಳಗೆ ಕೈ ಸೋಲ್ತದೆ. ರವಿಕೆ ಹೊಲಿಗೆ ತಾಗಿದ್ರೆ ಚುಚ್ಚಿದಂಗಾಗ್ತದೆ. ಮೊದಮೊದ್ಲು ಕಾಯಿಲೆ ಮತ್ತೆ ಬಂತು ಅಂತ್ಲೇ ತಿಳ್ಕೊಂಡು ಎಷ್ಟೋ ರಾತ್ರಿ ನಿದ್ದೆ ಬರ್ಲಿಲ್ಲ. ಮನೆಯವ್ರಿಗೆ ಹೇಳೋಣ ಅಂದ್ರೆ, ಎರಡು ವರ್ಷದ ಅಡಿಕೆ ದುಡ್ಡು ನನ್ನ ಮೇಲೇ ಸುರಿದಿದಾರೆ, ಇನ್ನೂ ನೋವು ಅಂದ್ರೆ ಏನಂದ್ಕೊಂಡಾರು? ಕೊನೆಗೆ ಕುಕ್ಕರ್ ಇಳಿಸುವಾಗ ನಾನು ಎಡಗೈ ಕೊಡೋದು ನೋಡಿ ಮಗಳೇ ಕಂಡುಹಿಡಿದ್ಲು.

ಆಮೇಲೆ ಡಾಕ್ಟ್ರು ಬಿಡಿಸಿ ಹೇಳಿದ್ರು. ಕಂಕುಳದ ಗ್ರಂಥಿ ತೆಗೆಯುವಾಗ ಅಲ್ಲಿ ಹಾದುಹೋಗೋ ಸಣ್ಣ ನರಕ್ಕೆ ಪೆಟ್ಟಾಗಬಹುದು. ಮೇಲಿನ ಗಾಯ ಮಾಯ್ದ್ರೂ ನರ ವರ್ಷಗಟ್ಲೆ ಉರೀತಿರ್ತದೆ. ಕರೆಂಟು ಕೊಟ್ಟ ಕಡೆ ಚರ್ಮ, ಸ್ನಾಯು ಬಿಗೀತದೆ. ಕೆಲವ್ರಿಗೆ ಕೈ ಬಾವು ಬರ್ತದೆ. ಲೆಟ್ರೋಜೋಲ್ ಮಾತ್ರೆ ತಗೊಳ್ಳೋರಿಗೆ ಕೀಲು ನೋವೂ ಬರ್ತದೆ. ಹಂಗಂತ ಮಾತ್ರೆ ನಾವೇ ನಿಲ್ಲಿಸ್ಬಾರ್ದು, ಡಾಕ್ಟ್ರಿಗೆ ಹೇಳಿದ್ರೆ ಬದಲಾಯಿಸಿ ಕೊಡ್ತಾರೆ. ನರದ ನೋವಿಗೆ ಬೇರೆ ಔಷಧಿ ಐತೆ, ಅಂಗಡಿ ಮಾತ್ರೆ ನುಂಗಿದ್ರೆ ಸಾಲದು. ಬೆಂಗಳೂರಿನ ಕಿದ್ವಾಯಿಯಲ್ಲಿ ನೋವು ಕಮ್ಮಿ ಮಾಡೋಕೇ ಒಂದು ವಿಭಾಗ ಐತೆ. ಅದು ಸಾಯೋರಿಗೆ ಮಾತ್ರ ಅಂತ ನಾನೂ ತಿಳ್ಕೊಂಡಿದ್ದೆ, ಹಂಗಲ್ಲ.

"ಮನಸಿಗೆ ಹಚ್ಕೋಬ್ಯಾಡ, ಕೆಲ್ಸ ಮಾಡ್ತಾ ಮರೀ" ಅಂತ ಹಿರಿಯರು ಹೇಳ್ತಾರೆ. ಅದ್ರಲ್ಲಿ ಅರ್ಧ ನಿಜ. ಕೈ ಆಡಿಸ್ದೆ ಇಟ್ರೆ ಭುಜ ಹಿಡ್ಕೊಂಡುಬಿಡ್ತದೆ. ನಾನೂ ದಿನಾ ಗೋಡೆ ಮೇಲೆ ಬೆರಳು ನಡೆಸ್ತಾ ಕೈ ಮೇಲಕ್ಕೆ ಏರಿಸ್ತೀನಿ. ಆದ್ರೆ ಮರೆಯೋದು ಬೇರೆ, ಮುಚ್ಚಿಡೋದು ಬೇರೆ. ಮುಚ್ಚಿಟ್ರೆ ಔಷಧಿ ಸಿಗಲ್ಲ. ಹೊಸ ನೋವು ಬಂದ್ರೆ, ದಿನದಿನಕ್ಕೆ ಜಾಸ್ತಿ ಆದ್ರೆ, ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದ್ರೆ ತಡ ಮಾಡ್ದೆ ತೋರಿಸ್ಬೇಕು. ಎಲ್ಲಾ ನೋವನ್ನೂ ನುಂಗೋ ಅಭ್ಯಾಸ ಆದೋಳು ಅದನ್ನೂ ನುಂಗ್ತಾಳೆ.

ಅಕ್ಕಮಹಾದೇವಿ ಹುಟ್ಟಿದ ಉಡುತಡಿ ನಮ್ಮ ತಾಲ್ಲೂಕಲ್ಲೇ ಐತೆ. ಅಂಥ ಅಕ್ಕನ ಕಡೆಯೋರು ನಾವು, ಎದೆ ಅನ್ನೋ ಮಾತು ಬಂದ್ರೆ ಸೆರಗು ಎಳ್ಕೊಂಡು ಸುಮ್ನಾಗ್ತೀವಿ. ಭಾರತಿ ಬಿ.ವಿ. ಅವ್ರು ತಮ್ಮ ಸ್ತನ ಕ್ಯಾನ್ಸರ್ ಬಗ್ಗೆ 'ಸಾಸಿವೆ ತಂದವಳು' ಅಂತ ಪುಸ್ತಕವನ್ನೇ ಬರ್ದಿದಾರೆ. ನಾವು ಪುಸ್ತಕ ಬರೀಬೇಕಾಗಿಲ್ಲ, ಮನೇಲಿ ಬಾಯಿ ಬಿಟ್ರೆ ಸಾಕು.

ಬದುಕಿದೀನಿ ಅನ್ನೋದೂ ನಿಜ, ನೋಯ್ತದೆ ಅನ್ನೋದೂ ನಿಜ. ಎರಡನೇದು ಹೇಳಿದ್ರೆ ಉಪಕಾರ ಮರೆತಂಗೆ ಅಲ್ಲ. ನಾನು ಹೇಳಿದ ದಿನದಿಂದ ನಮ್ಮನೇಲಿ ನೀರಿನ ಕೊಡ, ಕುಕ್ಕರ್, ಒದ್ದೆ ಬಟ್ಟೆ ಬಕೀಟು ಯಜಮಾನ್ರ ಪಾಲಿಗೆ ಹೋದ್ವು. ಯಾರೂ ಏನೂ ಅಂದ್ಕೊಳ್ಳಲಿಲ್ಲ.

ಇನ್ನು ಮೇಲೆ ನನ್ನಂಥೋಳು ದಾರೀಲಿ ಸಿಕ್ರೆ "ಗುಣ ಆಯ್ತಲ್ಲಾ" ಅನ್ಬ್ಯಾಡ್ರಿ. "ಕೈ ಹೆಂಗೈತೆ?" ಅಂತ ಕೇಳ್ರಿ. ಕೇಳ್ತಾ ಕೈಲಿರೋ ಚೀಲಾನೂ ಇಸ್ಕೊಳ್ರಿ.